ಅತ್ತೆ ಮತ್ತು ಕಳ್ಳಿ

ಚಿರತೆಗೆ ಹೆಸರಿಡಬಾರದೆಂದು ನಮ್ಮ ಸಾಹೇಬರು ಈ ಅಭಯಾರಣ್ಯಕ್ಕೆ ಬಂದ ಮೊದಲ ದಿನವೇ ಹೇಳಿದ್ದರು. ನಂಬರು ಸಾಕು, ಹೆಸರಿಟ್ಟರೆ ಮೋಹ ಹುಟ್ಟುತ್ತದೆ, ಮೋಹ ಹುಟ್ಟಿದರೆ ಕೆಲಸ ಕೆಡುತ್ತದೆ ಎಂದು. ನಾವೆಲ್ಲ ತಲೆಯಾಡಿಸಿದೆವು. ತಿಂಗಳೊಪ್ಪತ್ತಿನಲ್ಲಿ ಅವರೇ ಬೆಳಿಗ್ಗೆ ಚಿತ್ರದ ಕೋಣೆಗೆ ಬಂದು, ಚಹಾದ ಲೋಟ ನನ್ನ ಮೇಜಿನ ಮೇಲಿಟ್ಟು, "ನಿನ್ನೆ ಅತ್ತೆ ಬಂದಿದ್ಲಾ?" ಎಂದು ಕೇಳತೊಡಗಿದರು. "ಯಾವ ನಂಬರು ಸರ್?" ಎಂದು ನಾನು ಕೇಳಿದರೆ ಕೆಮ್ಮಿ ಕಿಟಕಿಯ ಕಡೆ ನೋಡುತ್ತಿದ್ದರು. ನನ್ನ ನಾಲಿಗೆ ಸ್ವಲ್ಪ ಉದ್ದ, ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಕಾಡಿನ ದಾರಿಗಳಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಎದುರಿಗೆ ಏನು ಹಾದುಹೋದರೂ ಚಿತ್ರ ಹಿಡಿಯುತ್ತವೆ. ಜಿಂಕೆ, ಹಂದಿ, ಗಾಳಿಗೆ ಅಲುಗಿದ ಕೊಂಬೆ, ಎಲ್ಲವನ್ನೂ ಪಕ್ಕಕ್ಕೆ ಹಾಕಿ ಚಿರತೆಗಳನ್ನಷ್ಟೇ ಆರಿಸಿ, ಯಾವುದು ಯಾವುದೆಂದು ಗುರುತು ಹಿಡಿಯುವುದು ನನ್ನ ಕೆಲಸ. ಒಂದರ ಮೈಮೇಲಿರುವ ಚುಕ್ಕಿಗಳ ಸಾಲು ಇನ್ನೊಂದರ ಮೈಮೇಲೆ ಇರುವುದಿಲ್ಲ. ಮೊದಮೊದಲು ಎಲ್ಲ ಒಂದೇ ಥರ ಕಾಣುತ್ತವೆ, ಕಣ್ಣು ಉರಿಯುತ್ತದೆ, ಸಾಕಪ್ಪಾ ಸಾಕು ಅನ್ನಿಸುತ್ತದೆ. ಆಮೇಲೊಂದು ದಿನ, ಜನಜಂಗುಳಿಯ ನಡುವೆ ಇದ್ದಕ್ಕಿದ್ದಂತೆ ನಮ್ಮ ಚಿಕ್ಕಪ್ಪನ ಬೆನ್ನು ಕಂಡ ಹಾಗೆ, ಒಂದು ಗುರುತು ಸಿಗುತ್ತದೆ. ಸಿಕ್ಕ ಮೇಲೆ ಮರೆಯಬೇಕೆಂದರೂ ಮರೆಯಲಾಗುವುದಿಲ್ಲ. ಕಾಡಿನಂಚಿನಲ್ಲಿ ನಾವು ಸಿಬ್ಬಂದಿಯೆಲ್ಲ ಇರುವ ವಸತಿಯ ಜನ ನನ್ನನ್ನು ಚುಕ್ಕಿಯಮ್ಮ ಎನ್ನುತ್ತಾರೆ. ಎದುರಿಗೆ ಅಂದರೆ ಉತ್ತರ ಸಿಗುತ್ತದೆಂದು ಬೆನ್ನ ಹಿಂದೆ ಅನ್ನುತ್ತಾರೆ.

ನಮ್ಮ ಭಾವ, ಎಂದರೆ ಅಕ್ಕನ ಗಂಡ, ಕಾಡಿನ ದಾರಿ ಸುತ್ತುವವರು. ಕ್ಯಾಮೆರಾ ಕಟ್ಟುವುದು, ಬ್ಯಾಟರಿ ಬದಲಿಸುವುದು, ಚಿತ್ರದ ಕಾರ್ಡು ತಂದು ನನ್ನ ಮೇಜಿನ ಮೇಲಿಡುವುದು ಅವರ ಪಾಲಿನ ಕೆಲಸ. ಇಟ್ಟು ಸುಮ್ಮನೆ ಹೋಗುವ ಆಸಾಮಿಯಲ್ಲ. ನನ್ನ ಕುರ್ಚಿಯ ಹಿಂದೆ ನಿಂತು, ಬೂಟಿನ ಮಣ್ಣನ್ನೆಲ್ಲ ನಾನು ಗುಡಿಸಿದ ನೆಲದ ಮೇಲೆ ಉದುರಿಸುತ್ತ, "ಅದು ಸೋಮಾರಿ ಅಲ್ವೇನೇ? ಬಾಲ ಎಳ್ಕೊಂಡು ಹೋಗೋದು ನೋಡು" ಎಂದು ತಲೆ ತಿನ್ನುವವರು. ಸೋಮಾರಿ ಎಂದರೆ ನಡುದಾರಿಯಲ್ಲೇ ಮಲಗಿಬಿಡುವ ಗಂಡು. ಹರಕುಕಿವಿ ಅಂತ ಒಂದಿತ್ತು. ಯಜಮಾನ ಅಂತ ಒಂದು, ಅದು ಬಂದರೆ ಮಿಕ್ಕವು ದಾರಿ ಬಿಡುತ್ತಿದ್ದವು. ನನ್ನ ಕೋಣೆಯ ಗೋಡೆಯ ತುಂಬ ಈ ಚಿರತೆಗಳದೇ ಚಿತ್ರ. ಅಕ್ಕ ಒಮ್ಮೆ ಬಂದು ನೋಡಿ, "ನಮ್ಮ ಮದುವೆ ಫೋಟೋ ಒಂದಾದ್ರೂ ಹೀಗೆ ಗೋಡೆ ಮೇಲಿದ್ಯಾ ಮನೇಲಿ?" ಎಂದು ಕೇಳಿದಳು. ಭಾವ ಹಲ್ಲು ಕಿರಿದು ಜಾಗ ಖಾಲಿ ಮಾಡಿದರು.

ಅತ್ತೆಗೆ ಆ ಹೆಸರಿಟ್ಟವರು ಭಾವನೇ. ಬಂಡೆಗುಡ್ಡದ ಮೇಲೆ ಮುಂಗಾಲು ಚಾಚಿ ಕೂತು, ಕೆಳಗೆ ಹೋಗುವವರನ್ನೆಲ್ಲ ಅಡಿಯಿಂದ ಮುಡಿಯವರೆಗೆ ಅಳೆದು, ಒಬ್ಬರೂ ಮನಸ್ಸಿಗೆ ಬಾರದವಳಂತೆ ಮುಖ ತಿರುಗಿಸುತ್ತಿದ್ದ ಹೆಣ್ಣು ಚಿರತೆ. "ಥೇಟ್ ನಿಮ್ಮಮ್ಮ" ಎಂದರು ಭಾವ. ನಮ್ಮಮ್ಮ ಬದುಕಿದ್ದಷ್ಟು ದಿನ ಈ ಅಳಿಯನನ್ನು ಹಾಗೇ ನೋಡುತ್ತಿದ್ದಳೆಂಬುದು ಸುಳ್ಳಲ್ಲ. ಅಕ್ಕ ಒಂದಷ್ಟು ದಿನ ಮಾತು ಬಿಟ್ಟಳು. ಆಮೇಲೆ ಅವಳೇ ಚಿತ್ರವನ್ನು ಹತ್ತಿರದಿಂದ ನೋಡಿ, "ಹೂಂ, ಅಮ್ಮನೇ" ಎಂದು ನಕ್ಕಳು. ಅಲ್ಲಿಂದ ಮುಂದೆ ಆ ಚಿರತೆ ನಮ್ಮ ಮನೆಯವಳೇ ಆದಳು. ಊಟಕ್ಕೆ ಕೂತರೆ ಅತ್ತೆಯ ಸುದ್ದಿ, ಬಟ್ಟೆ ಒಗೆಯುವಾಗ ಅತ್ತೆಯ ಸುದ್ದಿ. ಗುಡ್ಡದ ಬುಡದ ಕ್ಯಾಮೆರಾದ ಮುಂದೆ ಅವಳು ಸಂಜೆ ಬೆಳಕಿರುವಾಗಲೇ ಹಾಯುತ್ತಿದ್ದಳು. ಆ ಹೊತ್ತಿನ ಬಿಸಿಲು ಬಿದ್ದು ಮೈ ಬಂಗಾರದಂತೆ ಕಾಣುತ್ತಿತ್ತು. ಎಡಹೆಗಲ ಮೇಲೆ ಮೂರು ಚುಕ್ಕಿ, ಒಲೆಗೆ ಹೂಡಿದ ಮೂರು ಕಲ್ಲಿನ ಹಾಗೆ. ಅದನ್ನು ನೋಡಿದರೆ ಸಾಕು, ಅತ್ತೆ.

ಕಳ್ಳಿಯ ಸಮಾಚಾರ ಬೇರೆ. ಅವಳನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ವಸತಿಯ ಬೇಲಿಯಾಚೆಯ ದಾರಿಯಲ್ಲಿ ಕಟ್ಟಿದ ಕ್ಯಾಮೆರಾದಲ್ಲಿ ಮಾತ್ರ, ಅದೂ ಬೆಳಕು ಹರಿಯುವ ಮುಂಚಿನ ಕತ್ತಲಲ್ಲಿ ಅವಳು ಸಿಗುತ್ತಿದ್ದಳು. ಕತ್ತಲಲ್ಲಿ ಹಿಡಿದ ಚಿತ್ರಕ್ಕೆ ಬಣ್ಣವಿಲ್ಲ. ಬೂದಿ ಬಳಿದಂಥ ಮೈ, ಬಿಳಿ ಬಿಲ್ಲೆಯಂಥ ಕಣ್ಣು. ಬಲಪಕ್ಕೆಯ ಮೇಲೆ ಕುದುರೆ ಲಾಳದಂಥ ಒಂದು ಗುರುತು. ಒಂದು ಚಿತ್ರದಲ್ಲಿ ಅಡುಗೆಯವನ ನಾಯಿಮರಿ ಅವಳ ಬಾಯಲ್ಲಿತ್ತು. ಆಮೇಲೆ ಯಾರ ಮನೆಯ ಕೋಳಿ ಹೋದರೂ, ನಾಯಿ ಹೋದರೂ, ಒಣಹಾಕಿದ ಟವೆಲು ಗಾಳಿಗೆ ಹಾರಿಹೋದರೂ ಎಲ್ಲ ಕಳ್ಳಿಯ ತಲೆಗೆ. ಹೆಸರಿಟ್ಟವಳು ನಾನು.

ಸರಿಯಾಗಿ ನೋಡಿದರೆ ಪ್ರತಿ ದಾರಿಯಲ್ಲೂ ಎರಡು ಕ್ಯಾಮೆರಾ ಎದುರುಬದುರಾಗಿ ಇರಬೇಕು. ಚಿರತೆಯ ಎಡಮಗ್ಗುಲಿನ ಚುಕ್ಕಿಯೇ ಬೇರೆ, ಬಲಮಗ್ಗುಲಿನದೇ ಬೇರೆ. ಎರಡನ್ನೂ ಒಟ್ಟಿಗೆ ಹಿಡಿದರೇನೇ ಪೂರ್ತಿ ಗುರುತು. ನಮ್ಮಲ್ಲಿ ಜೋಡಿಗೊಂದರಂತೆ ಕೆಟ್ಟು ರಿಪೇರಿಗೆ ಹೋದವು, ಹೋದವು ಹೋಗಿಯೇ ಹೋದವು. ಇದ್ದದ್ದರಲ್ಲೇ ಸುಧಾರಿಸಿಕೊಳ್ಳಿ ಎಂದರು, ಸುಧಾರಿಸಿಕೊಂಡೆವು. ಅತ್ತೆ ಗುಡ್ಡದ ದಾರಿಯಲ್ಲಿ ಹೋಗುವುದಷ್ಟೇ ಕಾಣುತ್ತಿತ್ತು, ಬರುವುದು ಕಾಣುತ್ತಿರಲಿಲ್ಲ. ಕಳ್ಳಿ ಬೇಲಿಯ ದಾರಿಯಲ್ಲಿ ಬರುವುದಷ್ಟೇ ಕಾಣುತ್ತಿತ್ತು, ಹೋಗುವುದು ಕಾಣುತ್ತಿರಲಿಲ್ಲ. ನಾನು ಇದನ್ನು ಹೇಳಿದಾಗ ಭಾವ, "ಇಬ್ರೂ ದಾರಿ ಹಂಚ್ಕೊಂಡಿದಾರೆ ಕಣೇ, ನಿಮ್ಮಕ್ಕ ನೀನು ನಲ್ಲಿ ನೀರಿಗೆ ಜಗಳ ಆಡೋ ಥರ ಅಲ್ಲ" ಎಂದರು. ನಕ್ಕು ಬಿಟ್ಟುಬಿಟ್ಟೆವು.

ಆ ವರ್ಷ ಅತ್ತೆಯ ಹೊಟ್ಟೆ ಇಳಿಬಿತ್ತು. ಸಂಜೆಯ ಒಂದೊಂದು ಚಿತ್ರದಲ್ಲೂ ಹೊಟ್ಟೆ ಇನ್ನಷ್ಟು ಭಾರ. ಭಾವನ ಸಡಗರ ಹೇಳತೀರದು. ಒಂದು ದಿನ ಬಂದ ಚಿತ್ರದಲ್ಲಿ ಹೊಟ್ಟೆ ಖಾಲಿಯಾಗಿ ತೊಗಲು ಜೋತು ಬಿದ್ದಿತ್ತು, ನಡಿಗೆಯಲ್ಲಿ ಆತುರವಿತ್ತು. "ಹೆರಿಗೆ ಆಯ್ತು ಕಣೇ!" ಎಂದು ಭಾವ ನನ್ನ ಕುರ್ಚಿಯನ್ನೇ ಅಲುಗಾಡಿಸಿ ಹೊರಗೋಡಿ, ವಸತಿಯ ಮನೆಮನೆಗೂ ಸುದ್ದಿ ಮುಟ್ಟಿಸಿದರು. ಮಕ್ಕಳಿಲ್ಲದ ಮನೆ ಅವರದು. ಅಕ್ಕ ಒಳಗಿನಿಂದಲೇ, "ಸದ್ಯ, ಅಜ್ಜಿ ಆಗೋ ವಯಸ್ಸಲ್ಲಿ ಅಮ್ಮಂಗೆ ಮಕ್ಕಳು" ಎಂದಳು.

ಅದಾಗಿ ಸ್ವಲ್ಪ ದಿನಕ್ಕೇ ಆ ಅನಾಹುತ ಆಯಿತು. ಸಂಜೆ ಭಾವ ಮನೆಗೆ ಬರಲಿಲ್ಲ. ಕಾವಲಿನವರು ಹುಡುಕಿಕೊಂಡು ಹೋದರೆ ವಸತಿಯ ಬೇಲಿಯ ಹತ್ತಿರ, ಕಳ್ಳಿಯ ದಾರಿಯಲ್ಲೇ ಬಿದ್ದಿದ್ದರು. ಮುಖದ ಎಡಭಾಗ ಹರಿದಿತ್ತು, ಹೆಗಲಲ್ಲಿ ಹಲ್ಲು ಇಳಿದಿತ್ತು. ನಾನು ಓಡಿಹೋಗಿ ನೋಡಿದೆ. ನೋಡಬಾರದಿತ್ತು. ಎಡಗಣ್ಣು ಇರಲಿಲ್ಲ. "ಯಾವ್ದು ಭಾವ?" ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಅದೇ ಪ್ರಶ್ನೆ, ನಮ್ಮ ಕಸುಬೇ ಹಾಗೆ. "ಕಳ್ಳಿ" ಎಂದರು ಭಾವ. ಸ್ಪಷ್ಟವಾಗಿ ಎಂದರು, ಸುತ್ತ ನಿಂತವರಿಗೆಲ್ಲ ಕೇಳಿಸಿತು.

ಅವರು ಆಸ್ಪತ್ರೆಯಲ್ಲಿರುವಾಗಲೇ ಕಳ್ಳಿಯನ್ನು ಹಿಡಿದು ಸಾಗಿಸುವಂತೆ ಮೇಲಿನಿಂದ ಆರ್ಡರು ಬಂತು. ಜನರ ವಸತಿಗೆ ಬಂದು ಮನುಷ್ಯನ ಮೇಲೆ ಎರಗಿದ ಪ್ರಾಣಿ, ಇನ್ನು ಸಾಯುವ ತನಕ ಬೋನಿನಲ್ಲೇ ಇರಬೇಕು. ಒಬ್ಬರಾದರೂ ಅಯ್ಯೋ ಎನ್ನಲಿಲ್ಲ. ಅಡುಗೆಯವನು ಬಲಿಗೆ ಕಟ್ಟಲು ಮೇಕೆಯನ್ನು ತಾನೇ ತಂದುಕೊಟ್ಟ. ಅಕ್ಕ, ಒಂದು ಇರುವೆ ತುಳಿದರೂ ಚಡಪಡಿಸುವವಳು, "ಅದನ್ನ ಸುಟ್ಟು ಬೂದಿ ಮಾಡ್ಬೇಕು" ಎಂದಳು. ಬೋನು ಎಲ್ಲಿಡಬೇಕೆಂದು ಸಾಹೇಬರು ಕೇಳಿದಾಗ ನಾನೇ ಮುಂದೆ ಹೋಗಿ, ಬೇಲಿಯ ದಾರಿಯ ತಿರುವನ್ನು ಕೈ ಮಾಡಿ ತೋರಿಸಿದೆ. ನನ್ನ ಭಾವನ ಕಣ್ಣು ಕಿತ್ತವಳು ಅವಳು. ಅದೇ ಆರ್ಡರು ಅತ್ತೆಯ ಮೇಲೆ ಬಂದಿದ್ದರೆ ಇಡೀ ವಸತಿ ಗೇಟಿಗೆ ಅಡ್ಡ ನಿಲ್ಲುತ್ತಿತ್ತು, ಅಕ್ಕನೂ ನಿಲ್ಲುತ್ತಿದ್ದಳೋ ಏನೋ.

ಭಾವ ಮನೆಗೆ ಬಂದರು. ಮುಖಕ್ಕೆಲ್ಲ ಕಟ್ಟು, ಗೋಡೆಯ ಕಡೆ ಹೊರಳಿಕೊಂಡು ಮಲಗುವುದು. ಹರಟುವ ಮನುಷ್ಯ ಮಾತೇ ನಿಲ್ಲಿಸಿಬಿಟ್ಟರು. ನಾನು ಹೋದಾಗ ಮಾತ್ರ ಎರಡು ಪ್ರಶ್ನೆ. "ಹಿಡಿದ್ರಾ?" ಇಲ್ಲ ಎಂದರೆ ಉಸಿರು ಬಿಡುತ್ತಿದ್ದರು. ಹಿಡಿಯುವುದು ತಡವಾಗುತ್ತಿದೆ ಎಂಬ ಬೇಸರವೆಂದುಕೊಂಡೆವು ನಾವು. "ಅತ್ತೆ ಬಂದಿದ್ಲಾ?" ಬಂದಿದ್ದಾಳೆ, ನಿನ್ನೆ ಸಂಜೆಯೂ ಹೋದಳು, ಚೆನ್ನಾಗಿದ್ದಾಳೆ ಎಂದರೆ ಕಟ್ಟಿಲ್ಲದ ಅರ್ಧ ಮುಖ ಸಡಿಲಾಗುತ್ತಿತ್ತು. ಒಮ್ಮೆ ನನ್ನ ಕೈ ಹಿಡಿದುಕೊಂಡು, "ಬೋನಿಗೆ ಯಾವ್ದು ಬಿದ್ರೂ ಗುರುತು ನೀನೇ ನೋಡ್ಬೇಕು ಪುಟ್ಟಿ. ಅಪ್ಪಿತಪ್ಪಿ ಅತ್ತೆ ಬಿದ್ರೆ ಆಗಿಂದಾಗ್ಲೇ ಬಿಡಿಸ್ಬೇಕು. ಬೇರೆಯವ್ರ ಮೇಲೆ ನಂಗೆ ನಂಬಿಕೆ ಇಲ್ಲ" ಎಂದರು. ಮಾತು ಕೊಟ್ಟೆ. ನಾನಿರುವಾಗ ಅತ್ತೆಗೆ ಏನೂ ಆಗಲ್ಲ ಎಂದೆ.

ಒಂದು ಬೆಳಿಗ್ಗೆ ಬೋನಿಗೆ ಬಿತ್ತೆಂದು ಸುದ್ದಿ ಬಂತು. ಬಿದ್ದದ್ದು ನಸುಕಿನಲ್ಲೇ ಅಂತೆ, ಸರಳಿನ ಸದ್ದು ವಸತಿಯವರೆಗೂ ಕೇಳಿತ್ತು. ನಾನು ಹೋಗುವಷ್ಟರಲ್ಲಿ ಅದನ್ನು ಗಾಡಿಗಳ ಶೆಡ್ಡಿಗೆ ತಂದಿದ್ದರು. ಪ್ರಾಣಿಗಳ ಡಾಕ್ಟರು ಮತ್ತಿನ ಮದ್ದು ಕೊಟ್ಟು, ಹೊರಗೆ ಎಳೆದು ಟಾರ್ಪಾಲಿನ ಮೇಲೆ ಮಲಗಿಸಿದ್ದರು. ಬಲಮಗ್ಗುಲು ಮೇಲಿತ್ತು. ಕೈಯಲ್ಲಿದ್ದ ಚಿತ್ರವನ್ನು ಪಕ್ಕೆಯ ಹತ್ತಿರ ಹಿಡಿದೆ. ಲಾಳ. ಅದರ ಕೆಳಗೆ ಸಣ್ಣ ಚುಕ್ಕಿಗಳ ಓರೆ ಸಾಲು. ಒಂದೂ ತಪ್ಪಲಿಲ್ಲ. "ಕಳ್ಳೀನೇ ಸರ್" ಎಂದೆ. ಸಾಹೇಬರು ತಲೆದೂಗಿದರು. ಸಿಕ್ಕಿಬಿದ್ದೆಯಾ ಮಾರಾಯ್ತಿ ಎಂದುಕೊಂಡು ಅವಳ ಮುಖ ನೋಡಿದೆ. ಹಗಲು ಬೆಳಕಿನಲ್ಲಿ ಮೈ ಬೂದಿಯ ಬಣ್ಣವಿರಲಿಲ್ಲ, ಬಂಗಾರವಿತ್ತು. ಹೌದಲ್ಲ, ಎಲ್ಲ ಚಿರತೆಗೂ ಅದೇ ಬಣ್ಣ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ.

"ಸ್ವಲ್ಪ ಕೈ ಕೊಡಿ, ಆ ಮಗ್ಗುಲೂ ನೋಡ್ಬೇಕು" ಎಂದರು ಡಾಕ್ಟರು. ನಾಲ್ಕು ಜನ ಹಿಡಿದು ಹೊರಳಿಸಿದರು.

ಎಡಹೆಗಲ ಮೇಲೆ ಮೂರು ಚುಕ್ಕಿ ಇದ್ದವು, ಒಲೆಯ ಕಲ್ಲಿನ ಹಾಗೆ.

ಮೊದಲು ನನಗೆ ತಲೆಗೇ ಹೋಗಲಿಲ್ಲ. ಅತ್ತೆಯ ಹಾಗೇ ಇನ್ನೊಂದಕ್ಕೂ ಇದೆಯಲ್ಲ ಎಂದುಕೊಂಡೆ. ಮತ್ತೆ ಕೊರಳಿನಿಂದ ಶುರು ಮಾಡಿ ನೋಡಿದೆ, ತೊಡೆಯವರೆಗೂ ನೋಡಿದೆ. ಎಷ್ಟೋ ಸಂಜೆಗಳಲ್ಲಿ ನೋಡಿ ನೋಡಿ ಕಣ್ಣುಮುಚ್ಚಿ ಬರೆಯಬಲ್ಲಷ್ಟು ಬಾಯಿಪಾಠವಾಗಿದ್ದ ಮೈ ಅದು. ಡಾಕ್ಟರು ಹೊಟ್ಟೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಹಾಲು ಬಂತು. "ಮರಿ ಹಾಕಿದೆ, ಇನ್ನೂ ಚಿಕ್ಕವು" ಎಂದರು.

ಸಂಜೆ ಗುಡ್ಡದ ದಾರಿಯಲ್ಲಿ ಹೊರಟು, ರಾತ್ರಿಯೆಲ್ಲ ಸುತ್ತಿ, ನಸುಕಿನಲ್ಲಿ ಬೇಲಿಯ ದಾರಿಯಲ್ಲಿ ಮನೆಗೆ ಮರಳುತ್ತಿದ್ದವಳು ಒಬ್ಬಳೇ. ಹೋಗುವಾಗ ಒಂದು ಕ್ಯಾಮೆರಾಗೆ ಎಡಮಗ್ಗುಲು ತೋರಿಸಿದಳು, ಬರುವಾಗ ಇನ್ನೊಂದಕ್ಕೆ ಬಲಮಗ್ಗುಲು. ಒಂದಕ್ಕೆ ಅಮ್ಮನ ಪಟ್ಟ ಕಟ್ಟಿದೆವು, ಇನ್ನೊಂದಕ್ಕೆ ಕಳ್ಳಿಯದು. ಅತ್ತೆಯ ಹೊಟ್ಟೆ ಇಳಿಬಿದ್ದ ದಿನಗಳಲ್ಲಿ ಕಳ್ಳಿಯ ಹೊಟ್ಟೆಯೂ ದಪ್ಪಗಾಗಿತ್ತು. ನಾಯಿ ತಿಂದು ತಿಂದು ಕೊಬ್ಬಿದ್ದಾಳೆ ಎಂದಿದ್ದೆ ನಾನು. ಥೂ ನನ್ನ ಬಾಯಿಗಿಷ್ಟು!

ಸಾಹೇಬರಿಗೆ ಹೇಳಿದೆ. ಅವರು ಬಗ್ಗಿ ಆ ಹೆಗಲನ್ನು ನೋಡಿದರು. ಆಮೇಲೆ ಕಣ್ಣು ಬೇರೆ ಕಡೆ ಮಾಡಿ, "ಹೆಸರು ಒಂದಾಗ್ಲಿ ಎರಡಾಗ್ಲಿ, ಆಳನ್ನ ಕಚ್ಚಿದ್ದು ಇದೇ ತಾನೇ? ವಸತಿ ಬೇಲಿ ಹತ್ರ ಬಂದು ಕಚ್ಚಿದೆ. ಲಾರಿ ಮಧ್ಯಾಹ್ನಕ್ಕೆ ಬರುತ್ತೆ, ನಾನೇನೂ ಮಾಡೋ ಹಾಗಿಲ್ಲ. ಮರಿಗಳನ್ನಾದ್ರೂ ಹುಡುಕೋಣ" ಎಂದರು. ಹುಡುಕುವುದು ಎಲ್ಲಿ? ಬಂಡೆಗುಡ್ಡದಲ್ಲಿ ಎಲ್ಲಿ ನೋಡಿದರೂ ಗವಿ, ಸಂದು, ಪೊದೆ. ಹಾಲಿಲ್ಲದ ಮರಿಗಳು ಎಷ್ಟು ಹೊತ್ತು ತಡೆಯುತ್ತವೆ? ಆ ಗುಡ್ಡವನ್ನು ಅಂಗೈಯಂತೆ ಬಲ್ಲವರು ಭಾವ ಒಬ್ಬರೇ.

ಅಕ್ಕ ಹಿತ್ತಿಲ ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದಳು. ನನ್ನ ಮುಖ ನೋಡಿ ಮೊರ ಕೆಳಗಿಟ್ಟಳು. ಹೇಳಿದೆ. ಅವಳ ಬಾಯಿಂದ ಮೊದಲು ಬಂದದ್ದು, "ಅಮ್ಮನೇನೇ ಕಚ್ಚಿದ್ದು?" ಎಂಬ ಮಾತು. ಆಮೇಲೆ ನನ್ನ ರಟ್ಟೆ ಹಿಡಿದು, "ಅವ್ರಿಗೆ ಹೇಳ್ಬೇಡ ಕಣೇ, ನಿನ್ನ ದಮ್ಮಯ್ಯ. ಕಣ್ಣು ಹೋಗಿದ್ದನ್ನ ಹೇಗೋ ತಡ್ಕೊಂಡಿದಾರೆ. ಅತ್ತೇನೇ ಬೋನಲ್ಲಿ ಬಿದ್ದಿದಾಳೆ ಅಂದ್ರೆ ಎದೆ ಒಡ್ಕೊಳ್ತಾರೆ" ಎಂದಳು. ಮರಿಗಳ ವಿಷಯ ಮಾತ್ರ ಕೇಳಿ ಬರುತ್ತೇನೆ ಎಂದು ಒಳಗೆ ಹೋದೆ.

ಭಾವ ಎದ್ದು ಕೂತಿದ್ದರು. "ಬೆಳಿಗ್ಗೆ ಸದ್ದು ಕೇಳ್ತು. ಕಳ್ಳೀನಾ?" ಎಂದರು.

"ಬಲಪಕ್ಕೇಲಿ ಲಾಳ ಇದೆ ಭಾವ" ಎಂದೆ. ಸುಳ್ಳಂತೂ ಅಲ್ಲವಲ್ಲ.

ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಅಳತೊಡಗಿದರು. ಗಂಡಸರು ಅಳುವುದನ್ನು ನೋಡಿ ನನಗೆ ಅಭ್ಯಾಸವಿಲ್ಲ, ಎಲ್ಲಿ ನಿಲ್ಲಬೇಕೆಂದೇ ಗೊತ್ತಾಗಲಿಲ್ಲ.

"ನಾನೊಂದು ಅನ್ಯಾಯ ಮಾಡ್ಬಿಟ್ಟಿದೀನಿ ಪುಟ್ಟಿ" ಎಂದರು. "ನನ್ನ ಮೇಲೆ ಬಿದ್ದಿದ್ದು ಕಳ್ಳಿ ಅಲ್ಲ. ಅತ್ತೆ."

ನಾನು ಮಂಚದ ಅಂಚಿನಲ್ಲಿ ಕೂತೆ.

"ಬ್ಯಾಟರಿ ಹಾಕೋಕೆ ಹೋದವ್ನು ಸುಮ್ನೆ ಬರ್ಬೇಕಿತ್ತು. ಮರಿ ನೋಡೋ ಆಸೆ. ದಾರಿ ಬಿಟ್ಟು ಬಂಡೆ ಹತ್ತಿದೆ. ನಾವು ದಾರಿ ಬಿಡಬಾರ್ದು, ಗೊತ್ತಿದ್ದೂ ಹತ್ತಿದೆ. ಸೀಳುಬಂಡೆ ಹಿಂದಿನ ಗವೀಲಿ ಎರಡು ಮರಿ, ಇನ್ನೂ ಕಣ್ಣು ಬಿಟ್ಟಿರೋದು ಈಗೀಗ. ಬಗ್ಗಿ ನೋಡ್ತಿದ್ದೆ ಅಷ್ಟೇ. ಅವಳು ಎಲ್ಲಿಂದ ಬಂದ್ಲೋ. ಒಂದೇ ಏಟು, ಹೆಗಲಿಗೆ ಬಾಯಿ ಹಾಕಿ ಬಿಟ್ಟು ನಿಂತ್ಲು. ಕೊಲ್ಲೋ ಹಾಗಿದ್ರೆ ಕೊಲ್ತಿದ್ಲು. ಆ ಮೂರು ಚುಕ್ಕಿ ಇಷ್ಟು ಹತ್ರ ಇತ್ತು ನಂಗೆ."

"ಮತ್ತೆ ನೀವು ಬಿದ್ದಿದ್ದು ಬೇಲಿ ಹತ್ರ?"

"ನಡ್ಕೊಂಡು ಬಂದೆ. ಅಲ್ಲೇ ಬಿದ್ದಿದ್ರೆ ಜನ ಎಲ್ಲ ಗವಿ ಮುಂದೆ ಸೇರ್ತಿದ್ರು. ಅತ್ತೆ ಅಂತ ಗೊತ್ತಾದ್ರೆ ಹಿಡೀತಿದ್ರು. ಯಾರಾದ್ರೂ ಒಬ್ಬರ ಹೆಸರು ಹೇಳ್ಲೇಬೇಕಿತ್ತಲ್ಲ. ಅತ್ತೆಗೆ ಮರಿ ಇವೆ. ಕಳ್ಳಿಗೆ ಹಿಂದೆ ಮುಂದೆ ಯಾರಿದಾರೆ? ಯಾರೂ ಇಲ್ಲದವಳು ಹೋಗ್ಲಿ ಅಂದ್ಕೊಂಡೆ." ಉಸಿರೆಳೆದುಕೊಂಡರು. "ಆವತ್ತಿಂದ ಆ ಬೂದಿ ಮುಖಾನೇ ಕಣ್ಣೆದುರಿಗೆ ಬರುತ್ತೆ. ಏನೂ ಮಾಡಿಲ್ಲ ಅದು, ಹೊಟ್ಟೆಪಾಡಿಗೆ ಒಂದು ನಾಯಿ ತಿಂತು. ಸಾಯೋವರೆಗೂ ಬೋನಲ್ಲಿ ಕೂತಿರ್ಬೇಕಾ ನನ್ನ ದೆಸೆಯಿಂದ? ಹೋಗಿ ಸಾಹೇಬ್ರಿಗೆ ಹೇಳು, ಬಿಡಿಸ್ಬಿಡು. ನಂಗೆ ಏನು ಬೇಕಾದ್ರೂ ಮಾಡ್ಲಿ."

ಹರಿದ ಮುಖ ಹೊತ್ತುಕೊಂಡು, ಕಣ್ಣಿಲ್ಲದ ಕಡೆ ತಡವರಿಸುತ್ತ, ಗುಡ್ಡದಿಂದ ಬೇಲಿಯವರೆಗೆ ಅವರು ನಡೆದು ಬಂದಿದ್ದರು, ಅತ್ತೆಯನ್ನು ಉಳಿಸಲಿಕ್ಕೆ. ತಾಯಿ ಗವಿಯಲ್ಲಿ ಮರಿ ಕಾಯುತ್ತ ಎರಗಿದ್ದೆಂದು ಹೇಳಿದ್ದರೆ ಯಾವ ಆರ್ಡರೂ ಬರುತ್ತಿರಲಿಲ್ಲ. ಉಳಿಸಲೆಂದು ಆಡಿದ ಸುಳ್ಳೇ ಅವಳನ್ನು ಬೋನಿಗೆ ತಂದು ಕೂಡಿಸಿತ್ತು. ಇದನ್ನು ಅವರಿಗೆ ಹೇಳುವುದು ಹೇಗೆ? ಹೇಳದಿದ್ದರೆ ಏನೂ ಅರಿಯದವಳನ್ನು ಬಲಿಕೊಟ್ಟೆನೆಂದು ಬದುಕಿರುವ ತನಕ ಬೇಯುತ್ತಾರೆ. ಹೇಳಿದರೆ ಇನ್ನೊಂದು ಥರ ಬೇಯುತ್ತಾರೆ. ನನಗೂ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೇಡವೆಂದು ತಲೆಯಾಡಿಸುತ್ತಾಳೆಂದು ನೋಡಿದೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ, "ಹೇಳು" ಎಂದಳು. "ಮರಿಗಳು ಕಾಯ್ತಿವೆ."

"ಕಳ್ಳಿಗೆ ನೀವು ಅನ್ಯಾಯ ಮಾಡಿಲ್ಲ ಭಾವ" ಎಂದೆ. "ಕಳ್ಳಿ ಅಂತ ಯಾರೂ ಇಲ್ಲ."

ಹೇಗೆಂದು ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಎಡಮಗ್ಗುಲು, ಬಲಮಗ್ಗುಲು ಎಂದಷ್ಟೇ ಅಂದೆ. ಕಾಡಿನ ದಾರಿಗಳನ್ನು ಕಾಲಿಂದಲೇ ಬಲ್ಲವರಿಗೆ ಸುತ್ತು ಹೇಗಿತ್ತೆಂದು ತಕ್ಷಣ ಹೊಳೆಯಿತು. ಮೊದಲು ಅವರ ಮುಖದಲ್ಲಿ ಬಂದದ್ದು ಹಗುರ. ಏನೂ ಮಾಡದವಳೊಬ್ಬಳನ್ನು ಬೋನಿಗೆ ನೂಕಿಲ್ಲವೆಂಬ ಹಗುರ, ನಾನು ಕಣ್ಣಾರೆ ಕಂಡೆ. ಅದು ನಿಂತದ್ದು ಒಂದು ಗಳಿಗೆ ಮಾತ್ರ. ಆಮೇಲೆ ಮಿಕ್ಕದ್ದು ಒಳಗಿಳಿಯಿತು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ಬಿದ್ದಿದ್ದು ಯಾವಾಗ? ನಸುಕಲ್ಲೇ ಅಲ್ವಾ? ಮರಿ ಹಸ್ಕೊಂಡಿರ್ತವೆ" ಎಂದು ಎದ್ದು, ಮಂಚದ ಕೆಳಗೆ ಕಾಲಿನಿಂದ ಚಪ್ಪಲಿ ತಡಕಾಡಿದರು.

ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಸಾಹೇಬರು ಮೇಜು ಗುದ್ದಿದರು. "ಅವತ್ತೇ ಹೇಳಿದ್ರೆ ಆರ್ಡರೇ ಬರ್ತಿರ್ಲಿಲ್ವಲ್ರೀ! ಮರಿ ಇರೋ ತಾಯಿ ಹತ್ರ ಹೋದ್ರೆ ಇನ್ನೇನು ಮಾಡುತ್ತೆ ಅದು, ಆರತಿ ಎತ್ತುತ್ತಾ?" ಎಂದು ಬೈಯುತ್ತಲೇ ಫೋನು ಎತ್ತಿದರು. ಮೇಲಿನವರೊಂದಿಗೆ ವಾದ ಮಾಡಿದರು, ದನಿ ಏರಿಸಿದರು, ಕೊನೆಗೆ ಫೋನಿಟ್ಟು, "ಬಿಡಬಹುದು ಅಂದ್ರು. ಇಲ್ಲೇ, ಗುಡ್ಡದ ಹತ್ರಾನೇ" ಎಂದರು. ಭಾವ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಬದುಕಿದೆಯಾ ಬಡಜೀವವೇ ಅನ್ನಿಸಿತು ನನಗೆ.

ಆಗಲೇ ಡಾಕ್ಟರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಬಿಡುವ ಮಾತು ಕೇಳಿ ಅವರು ಯಾರ ಮುಖವನ್ನೂ ನೋಡಲಿಲ್ಲ.

"ಆಗಲ್ಲ ಸರ್. ಬಾಯಿ ತೆಗೆದು ನೋಡ್ದೆ. ಬೋನಿನ ಸರಳು ಕಚ್ಚಿ ಕಚ್ಚಿ ಕೋರೆಹಲ್ಲು ಬುಡಕ್ಕೇ ಮುರಿದಿವೆ. ಮೇಲಿಂದು ಎರಡೂ. ಇನ್ನು ಬೇಟೆ ಹಿಡಿಯೋಕಾಗಲ್ಲ ಅದಕ್ಕೆ. ಬಿಟ್ರೆ ಹಸಿವಲ್ಲಿ ಸಾಯುತ್ತೆ, ಇಲ್ಲ ಅಂದ್ರೆ ನಿಜವಾಗ್ಲೂ ವಸತಿಗೆ ಬರುತ್ತೆ."

ಮರಳಿ ಮನೆಗೆ ಹೋಗಿ ಹಾಲೂಡಿಸಬೇಕೆಂದು ರಾತ್ರಿಯಿಡೀ ಸುತ್ತಿ ಬಂದವಳು, ನಸುಕಿನಿಂದ ಬೆಳಗಾಗುವ ತನಕ ಆ ಕಬ್ಬಿಣವನ್ನು ಕಚ್ಚಿದ್ದಾಳೆ. ಆ ಸದ್ದನ್ನು ನಾವು ಹಾಸಿಗೆಯಲ್ಲಿ ಮಲಗಿಕೊಂಡು ಕೇಳಿದ್ದೆವು. ಒಳ್ಳೇದಾಯ್ತು ಎಂದುಕೊಂಡಿದ್ದೆವು.

ಜೀಪಿನಲ್ಲಿ ಗುಡ್ಡಕ್ಕೆ ಹೋದೆವು. ಒಂದೇ ಕಣ್ಣಿಗೆ ಬಂಡೆಗಳ ಏರುತಗ್ಗು ಅಂದಾಜಿಗೆ ಸಿಗದೆ ಭಾವ ನನ್ನ ಹೆಗಲು ಹಿಡಿದು ಬಂಡೆ ಹತ್ತಿದರು. ಸೀಳುಬಂಡೆಯ ಹಿಂದೆ ಒಣಗಿದ ಎಲೆಗಳ ಮೇಲೆ ಎರಡೂ ಮರಿ ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು. ಬೆಕ್ಕಿನ ಮರಿಗಿಂತ ಚೂರು ದೊಡ್ಡವು. ನಮ್ಮನ್ನು ನೋಡಿ ಈಗಷ್ಟೇ ಹಲ್ಲು ಮೂಡುತ್ತಿದ್ದ ಬಾಯಿ ತೆರೆದು ಹುಸ್ ಎಂದವು. ಭಾವ ಅಕ್ಕನ ಹಳೆಯ ಹೊದಿಕೆಯಲ್ಲಿ ಅವನ್ನು ಸುತ್ತಿ, ಎದೆಗೆ ಅವುಚಿಕೊಂಡು ಕೂತರು. ದಾರಿಯುದ್ದಕ್ಕೂ ನನ್ನ ಕಡೆ ತಿರುಗಲಿಲ್ಲ. ಸಮಾಧಾನ ಹೇಳಬೇಕೆಂದುಕೊಂಡೆ. ಕೊನೆಗೆ ಜಾರಿದ ಹೊದಿಕೆಯ ಅಂಚನ್ನು ಮರಿಗಳ ಮೇಲೆ ಸರಿಮಾಡಿದೆ.

ಲಾರಿ ಬಂದು ನಿಂತಿತ್ತು. ಸಾಗಿಸುವ ಬೋನಿನಲ್ಲಿ ಅವಳಿಗೆ ಮದ್ದಿನ ಮತ್ತು ಇಳಿಯುತ್ತಿತ್ತು. ತಲೆ ಎತ್ತುವಳು, ಹಾಕುವಳು. ಡಾಕ್ಟರು ಪಕ್ಕದ ಸಣ್ಣ ಬಾಗಿಲಿಂದ ಮರಿಗಳನ್ನು ಒಳಗೆ ಬಿಟ್ಟು ದೂರ ಸರಿದರು. ಮನುಷ್ಯರ ವಾಸನೆ ಹತ್ತಿದ ಮರಿಗಳನ್ನು ಸೇರಿಸಿಕೊಳ್ಳುತ್ತಾಳೋ ಇಲ್ಲವೋ ಎಂದು ಅವರಿಗೂ ಅನುಮಾನ. ಅವಳು ಒಂದನ್ನು ಮೂಸಿದಳು. ಇನ್ನೊಂದನ್ನು ಮೂಸಿದಳು. ರಕ್ತ ಒಸರುತ್ತಿದ್ದ ಬಾಯಿಂದಲೇ ಅವುಗಳ ಬೆನ್ನು ನೆಕ್ಕತೊಡಗಿದಳು. ಮರಿಗಳು ಹೊಟ್ಟೆಯ ಕೆಳಗೆ ನುಗ್ಗಿದವು. ಅವಳು ಒರಗಿ ಜಾಗ ಮಾಡಿಕೊಟ್ಟಳು.

ಅವಳ ಬಲಮಗ್ಗುಲು ನಮ್ಮ ಕಡೆಗಿತ್ತು. ಆ ಲಾಳದ ಗುರುತನ್ನು ಭಾವ ಇದ್ದೊಂದು ಕಣ್ಣಿನಿಂದ ನೋಡುತ್ತ ನಿಂತರು. ಅಕ್ಕ ಬಂದು ಅವರ ತೋಳು ಹಿಡಿದುಕೊಂಡಳು. ವಸತಿಯ ಜನ ಗೇಟಿನವರೆಗೆ ಬಂದಿದ್ದರು, ಅಡುಗೆಯವನೂ ಇದ್ದ. ಟಾರ್ಪಾಲು ಇಳಿಸಿದರು. ಹಗ್ಗ ಬಿಗಿದರು. ಡ್ರೈವರು ಹತ್ತಿ ಕೂತು ಎಂಜಿನ್ನು ಶುರು ಮಾಡಿದ.

ಭಾವ ಅಕ್ಕನ ಕೈ ಬಿಡಿಸಿಕೊಂಡು ತಡವರಿಸುತ್ತ ಮುಂದೆ ಹೋದರು. ಡ್ರೈವರನ ಕಿಟಕಿಯ ಅಂಚು ಹಿಡಿದು ಹೇಳಿದರು: "ನಿಧಾನಕ್ಕೆ ಓಡ್ಸಪ್ಪಾ. ಹಳ್ಳ ದಿಣ್ಣೆ ನೋಡ್ಕೊಂಡು ಹೋಗು. ಒಳಗೆ ಬಾಣಂತಿ ಇದಾಳೆ."